ಮೂರು ಟಾಕಿಗೊಮ್ಮೆ

ತಮ್ಮ ರಾಮದುರ್ಗದಿಂದ ಫೋನು ಮಾಡಿದ್ದು ಬೇರೆಯೇ ಮಾತಿಗೆ. ಹಿತ್ತಲ ಗೋಡೆ ಬಿದ್ದಿದೆ, ಇವತ್ತು ಬರುತ್ತೇನೆಂದ ಗೌಂಡಿ ನಾಳೆ ಅನ್ನುತ್ತಿದ್ದಾನೆ, ಹೀಗೆ. ಫೋನು ಇಡುವ ಹೊತ್ತಿಗೆ, "ಅಂದಂಗ ಅಕ್ಕಾ, ನಿಮ್ಮ ಹೆಣಿಕಿ ಅಕ್ಕೋರು ತೀರಿಕೊಂಡ್ರಂತ, ಮೊನ್ನಿ ಸ್ವಾಮಾರ" ಎಂದ. "ಹೌದಾ" ಎಂದೆ. ನನ್ನ ಮುಂದೆ ಮೊರದಲ್ಲಿ ತೊಗರಿಬೇಳೆ ಇತ್ತು. ಕಲ್ಲು ಆರಿಸುತ್ತಿದ್ದೆ. ಫೋನು ಇಟ್ಟ ಮೇಲೂ ಆರಿಸಿದೆ. ಬೇಳೆ ಮುಗಿಯಿತು, ಕುಕ್ಕರಿಗೆ ಹಾಕಿದೆ, ಸಾರು ಮಾಡಿದೆ, ಉಂಡೆ. ಏನೂ ಅನಿಸಲಿಲ್ಲ. ಅನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೆಂಗಸಿನ ವಿಷಯದಲ್ಲಿ ಒಂದು ಸುಳ್ಳು ಆಗಲೇ ನಡೆದುಹೋಗಿದೆ, ಇನ್ನೊಂದು ಬೇಡ.

ಅವರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಕೈಗೆಲಸದ ಪ್ರದರ್ಶನ ಇಡುವಾಗ ಪ್ರತಿ ವಸ್ತುವಿಗೂ ಒಂದು ಚೀಟಿ ಹಚ್ಚುತ್ತಿದ್ದರು: ಯಾರು ಮಾಡಿದ್ದು, ಎಷ್ಟನೇ ಇಯತ್ತೆ. ನಮ್ಮೆಲ್ಲರ ಚೀಟಿ ಅವರೇ ಬರೆಯುತ್ತಿದ್ದರು, ಗುಂಡಗೆ, ನೀಲಿ ಮಸಿಯಲ್ಲಿ. ತಮ್ಮ ಕೆಲಸಕ್ಕೆ ಮಾತ್ರ ಹಚ್ಚುತ್ತಿರಲಿಲ್ಲ. ಶಾಲೆಯ ಮುಖ್ಯಸ್ಥೆ ದೊಡ್ಡಬಾಯಾರು ಕೇಳಿದರೆ, "ಬೆನ್ನ ಹೊಳ್ಳಿಸಿ ನೋಡ್ರಿ, ಯಾರದಂತ ತಿಳಿತೈತಿ" ಅನ್ನುತ್ತಿದ್ದರು.

ಅದು ಎಪ್ಪತ್ತರ ದಶಕ. ರಾಮದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ವಾರಕ್ಕೆ ಎರಡು ಪಿರಿಯಡ್ ಹೊಲಿಗೆ-ಹೆಣಿಕೆ. ವರ್ಷಕ್ಕೆ ಒಂದೂವರೆ ತಿಂಗಳು ಚಳಿ ಬೀಳುವ ಊರಿನಲ್ಲಿ ಉಣ್ಣೆಯ ಸ್ವೆಟರ್ ಯಾರಿಗೆ ಬೇಕು? ಈ ಪ್ರಶ್ನೆಯನ್ನು ನಾನೇ ಒಮ್ಮೆ ಕೇಳಿದ್ದೆ. ಮಾರ್ಚಿನ ಬಿಸಿಲು, ಬೆವರಿಗೆ ಉಣ್ಣೆ ಬೆರಳಿಗೆ ಅಂಟುತ್ತಿತ್ತು. ಅಕ್ಕೋರು ತಲೆ ಎತ್ತದೆ, "ಕೂಸಿಗೆ ಬೇಕು. ಕೂಸಿಗೆ ಬ್ಯಾಸಗಿ ಗೊತ್ತಾಗೂಕಿಂತ ಮೊದಲ ಥಂಡಿ ಗೊತ್ತಾಗತೈತಿ" ಎಂದರು.

ಎತ್ತರದ, ಒಣಕಲು ಮೈಯ ಹೆಂಗಸು. ಗಂಡ ಮಿಲಿಟರಿಯಲ್ಲಿ ಇದ್ದರಂತೆ. ಉತ್ತರದ ಯಾವುದೋ ಚಳಿ ಊರಿನ ಕ್ವಾರ್ಟರ್ಸಿನಲ್ಲಿ ಕೆಲವು ವರ್ಷ ಇದ್ದು, ಅಲ್ಲಿಯ ಹೆಂಗಸರಿಂದ ಈ ವಿದ್ಯೆ ಕಲಿತು, ಒಬ್ಬರೇ ತಿರುಗಿ ಬಂದಿದ್ದರು. ಹಣೆಯ ಮೇಲೆ ಕುಂಕುಮ ಇತ್ತು, ಮನೆಯಲ್ಲಿ ಗಂಡ ಇರಲಿಲ್ಲ. ಊರಿನ ಬಾಯಿಗೆ ಅಷ್ಟು ಸಾಕು. ಬಿಟ್ಟರು ಎಂದು ಕೆಲವರು, ಬಿಟ್ಟು ಬಂದಳು ಎಂದು ಕೆಲವರು. ಅವರು ಯಾರಿಗೂ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಅವರು ಹೆಣೆಯಲು ಕೂಡುವ ರೀತಿಯೇ ಬೇರೆ. ಎರಡು ಬಣ್ಣದ ಕೆಲಸವಾದರೆ ಎರಡು ಅಲ್ಯುಮಿನಿಯಂ ಡಬ್ಬಿ, ಒಂದೊಂದರಲ್ಲಿ ಒಂದೊಂದು ಉಂಡೆ. ಬಿಳಿಯದು ಎಡಗಡೆ, ನೀಲಿಯದು ಬಲಗಡೆ. ಒಂದು ಸಾಲು ಮುಗಿದಾಗ ಕೆಲಸವನ್ನು ಬಲಕ್ಕೆ ತಿರುಗಿಸಿದರೆ ಮುಂದಿನ ಸಾಲಿಗೆ ಎಡಕ್ಕೆ. ನೀಲಿ ಎಳೆ ಯಾವಾಗಲೂ ಕೆಳಗಿನಿಂದ, ಬಿಳಿ ಯಾವಾಗಲೂ ಮೇಲಿನಿಂದ. ಇಡೀ ಸ್ವೆಟರ್ ಮುಗಿದರೂ ಆ ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿದ್ದನ್ನು ನಾನು ನೋಡಲಿಲ್ಲ. ನಮ್ಮ ಎಳೆಗಳೋ, ಹತ್ತು ಸಾಲಿಗೆ ಜಡೆ ಹೆಣೆದುಕೊಂಡು ಕೂತಿರುತ್ತಿದ್ದವು. ಪಿರಿಯಡ್ಡಿನ ಅರ್ಧ ಗಂಟೆ ಸಿಕ್ಕು ಬಿಡಿಸುವುದಕ್ಕೇ ಹೋಗುತ್ತಿತ್ತು.

ಆದರೆ ಅವರ ಜೀವ ಇದ್ದದ್ದು ಹಿಂದಿನ ಎಳೆಯಲ್ಲಿ. ಎರಡು ಬಣ್ಣ ಹಾಕುವಾಗ ಒಂದು ಬಣ್ಣ ಮುಂದೆ ಕೆಲಸ ಮಾಡುತ್ತದೆ, ಇನ್ನೊಂದು ಅಷ್ಟು ಹೊತ್ತು ಬೆನ್ನ ಹಿಂದೆ ಸುಮ್ಮನೆ ಹಾಯ್ದು ಹೋಗುತ್ತದೆ. ಮೂರು ಟಾಕಿ, ಅಂದರೆ ಸೂಜಿಯ ಮೇಲಿನ ಮೂರು ಕುಣಿಕೆ ಆದೊಡನೆ, ಆ ಸುಮ್ಮನಿರುವ ಎಳೆಯನ್ನು ಕೆಲಸದ ಎಳೆಯಡಿ ಒಮ್ಮೆ ಸಿಕ್ಕಿಸಿ ಹಿಡಿಯಬೇಕು. "ಕೆಲಸ ಇಲ್ಲದ ಎಳೀನೂ ಸಂಗಾಟ ಕರಕೊಂಡ ಹೋಗಬೇಕು. ಭಾಳ ಜಗ್ಗಿದ್ರ ಅರಿವಿ ಮುದುಡತೈತಿ. ಹಿಡೀದ ಬಿಟ್ರ ಕೂಸಿನ ಕೈಬಟ್ಟು ಅದ್ರಾಗ ಸಿಕ್ಕೊಂತೈತಿ" ಎನ್ನುತ್ತಿದ್ದರು. ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕಿವಿಗೆ ಬಂದದ್ದು ಕೈಗೆ ಬರಲಿಲ್ಲ. ನನ್ನ ಮಫ್ಲರನ್ನು ಎತ್ತಿ ಬೆಳಕಿಗೆ ಹಿಡಿದು, "ಏ ಹುಡುಗಿ, ಇದ್ರಾಗ ಜ್ವಾಳದ ಹಿಟ್ಟ ಸಾಣಿಸಬಹುದು ನೋಡು" ಎಂದು ಇಡೀ ಕ್ಲಾಸಿನ ಮುಂದೆ ಸೂಜಿ ಎಳೆದು ಬಿಚ್ಚಿಹಾಕಿದ್ದರು.

ಒಂದು ದಿನ ಕ್ಲಾಸು ನಡೆದಾಗ ಜವಾನ ತಾರು ತಂದುಕೊಟ್ಟ. ಓದಿದರು. ಮಡಚಿ ಎಡಗಡೆಯ ಡಬ್ಬಿಯ ಕೆಳಗೆ ಇಟ್ಟರು. ಸೂಜಿಯ ಮೇಲೆ ಅರ್ಧ ಸಾಲು ಉಳಿದಿತ್ತು, ಅದನ್ನು ಮುಗಿಸಿದರು. ಆಮೇಲೆ ಎದ್ದು, "ನೀವು ಹಾಕ್ರಿ. ನಮ್ಮಪ್ಪ ಹೋಗ್ಯಾನಂತ, ನಾ ಊರಿಗೆ ಹೋಗಿ ಬರತೇನಿ" ಎಂದರು. ಬಾಗಿಲ ತನಕ ಹೋದವರು ತಿರುಗಿ, "ಸಾಲಿನ ನಡುವ ಬಿಟ್ಟು ಏಳಬಾರ್ದು. ಎಳಿ ತಪ್ಪತಾವ" ಎಂದು ಹೇಳಿಹೋದರು. ಕಲ್ಲಿನ ಹೆಂಗಸು ಎಂದು ನಾವು ಹುಡುಗಿಯರು ತೀರ್ಮಾನ ಮಾಡಿದೆವು.

ಶಾಲೆ ಮುಗಿಯಿತು. ನನ್ನನ್ನು ನೋಡಲು ಬರುವವರ ಕಾಲ ಶುರುವಾಯಿತು. ಎರಡು ಕಡೆಯವರು ನೋಡಿ, ತಿಂದು, ಹೋಗಿ, ತಿಳಿಸುತ್ತೇವೆ ಎಂದು ತಿಳಿಸಲೇ ಇಲ್ಲ. ನನ್ನ ಹಿಂದೆ ಇನ್ನೊಬ್ಬ ತಂಗಿ ಬೆಳೆದು ನಿಂತಿದ್ದಳು. ಸುರೇಬಾನದಿಂದ ಒಂದು ಎರಡನೇ ಸಂಬಂಧ ಬಂದಿತ್ತು, ಹೆಂಡತಿ ಸತ್ತ ಮನುಷ್ಯ, ನನ್ನ ವಯಸ್ಸಿಗೆ ಎರಡರಷ್ಟು. ಈಗ ಬರುವ ಬೈಲಹೊಂಗಲದವರೂ ಬೇಡವೆಂದರೆ ಸುರೇಬಾನಕ್ಕೆ ಹ್ಞೂಂ ಅನ್ನುವುದು ಎಂದು ಅಪ್ಪ ಊಟದ ಹೊತ್ತಿಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ರೊಟ್ಟಿ ಮುರಿಯುತ್ತ ಕೂತಿದ್ದೆ.

ಬೈಲಹೊಂಗಲದ ಹುಡುಗನ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ಆ ಅಜ್ಜಿಗೆ ಸೊಸೆಯಂದಿರ ಬಣ್ಣ ಬೇಕಿಲ್ಲ, ಕೈಗೆಲಸ ಬೇಕು ಎಂದು ಮಧ್ಯಸ್ಥಗಾರ ಹೇಳಿದ್ದ. ಆಗ ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಮಾಡಿದ ಕಸೂತಿ, ಮಣಿ ಕೆಲಸ, ಸ್ವೆಟರ್ ಎಲ್ಲ ಹರವಿ ಇಡುತ್ತಿದ್ದರು. ನನ್ನದು ಹರವಲು ಏನಿತ್ತು, ಹಿಟ್ಟು ಸಾಣಿಸುವ ಮಫ್ಲರು! ಅವ್ವ ತಡೆಯದೆ ಅಕ್ಕೋರ ಮನೆಗೆ ಹೋದಳು. ಕ್ಲಾಸಿನಲ್ಲಿ ಮಾದರಿಗೆಂದು ಅವರು ತೋರಿಸುತ್ತಿದ್ದ ಒಂದು ಸಣ್ಣ ಸ್ವೆಟರ್ ಇತ್ತು, ಹಾಲುಬಿಳುಪಿನ ಮೇಲೆ ಎದೆಯ ಸುತ್ತ ನೀಲಿ ಹಕ್ಕಿಗಳ ಸಾಲು, ಮೂರು ವರ್ಷದ ಹುಡುಗನ ಅಳತೆ. ಅದನ್ನು ಒಂದು ದಿನಕ್ಕೆ ಕೇಳಿದಳು. ಬಂದು ಕೂತು ನಾಲ್ಕು ಮಾತು ಒಳ್ಳೆಯದು ಆಡಿರಿ ಎಂದೂ ಕೇಳಿದಳು.

ಅಕ್ಕೋರು ಬಂದರು. ಸ್ವೆಟರನ್ನು ಒಣಗಿದ ಬೇವಿನೆಲೆಯ ಜೊತೆ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ತಾವೇ ಬಿಚ್ಚಿ, ಎಲೆ ಝಾಡಿಸಿ, ಕಸೂತಿಯ ಪಕ್ಕದಲ್ಲಿ ಇಟ್ಟರು.

ಬೈಲಹೊಂಗಲದ ಅಜ್ಜಿ ಉಪ್ಪಿಟ್ಟು ಮುಟ್ಟಲಿಲ್ಲ. ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸ್ವೆಟರ್ ಎತ್ತಿಕೊಂಡು ಮೊದಲು ಒಳಗು ಹೊರಗು ಮಾಡಿದಳು. ಎದೆಯ ನಡುವೆ ಹಿಂದಿನ ಎಳೆಗಳ ಮೇಲೆ ಐದೂ ಬೆರಳು ಅಗಲಿಸಿ ಎಳೆದಳು. ಅಲ್ಲಿ ಒಂದು ಬೆರಳೂ ಸಿಕ್ಕಿಕೊಳ್ಳಲಿಲ್ಲ.

"ಯಾರು ಹಾಕಿದ್ದು?"

ಅವ್ವ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಅಕಿದ ಕೈರಿ. ನಾನ ಕಲಿಸೇನಿ" ಎಂದರು ಅಕ್ಕೋರು.

ಅಜ್ಜಿ ನನ್ನ ಕಡೆ ತಿರುಗಿದಳು. "ಹಿಂದಿನ ಎಳಿ ಎಷ್ಟಕ್ಕೊಮ್ಮೆ ಹಿಡಿತೀಯವಾ?"

"ಮೂರು ಟಾಕಿಗೊಮ್ಮೆ" ಎಂದೆ. ಬಾಯಿಗೆ ಬಂದುಬಿಟ್ಟಿತು. ಅದೊಂದು ನನಗೆ ಗೊತ್ತಿತ್ತು.

ಅಜ್ಜಿ ಸ್ವೆಟರನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು. "ಇದನ್ನ ಒಯ್ಯತೇನಿ. ನಮ್ಮ ಮನ್ಯಾಗ ಹುಡುಗಿ ಕೈಗೆಲಸ ಒಯ್ದೇವಂದ್ರ ಹುಡುಗೀನ ಒಪ್ಪೇವಂತ ತಿಳೀರಿ" ಎಂದಳು. ಅಪ್ಪ ಕೈ ಮುಗಿದರು. ಅವ್ವ ಅಕ್ಕೋರ ಮುಖ ನೋಡಿದಳು. ಅದು ನಮ್ಮದಲ್ಲ, ಕೊಟ್ಟುಹೋಗಿರಿ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಸುಳ್ಳು ಹೊರಗೆ ಬೀಳುತ್ತಿತ್ತು, ನಾನು ಸುರೇಬಾನಕ್ಕೆ. ಅಕ್ಕೋರ ಕೈ ಮೊಣಕಾಲಿನಿಂದ ಒಂದಿಷ್ಟು ಮೇಲೆ ಎದ್ದದ್ದನ್ನು ನಾನು ನೋಡಿದೆ. ಮತ್ತೆ ಕೆಳಗೆ ಇಳಿಯಿತು. ಆ ಕೈಯಿಂದ ಸೆರಗು ಸರಿಮಾಡಿಕೊಂಡು ಆರಿದ ಚಹಾ ಕುಡಿದರು.

ಹೋಗುವಾಗ ಬಾಗಿಲಲ್ಲಿ ನನ್ನನ್ನು ಕರೆದರು. "ನಾಳಿಂದ ದಿನಾ ಸಂಜಿಕ ಮನಿಗೆ ಬಾ. ನಾ ಸುಳ್ಳ ಹೇಳೇನಿ. ಅದನ್ನ ಖರೇ ಮಾಡೂದು ನಿನ್ನ ಕೆಲಸ."

ಮದುವೆಗೆ ಮೂರು ತಿಂಗಳಿತ್ತು. ದಿನಾ ಹೋದೆ. ಚೌಕಳಿ ಹಾಳೆಯ ಮೇಲೆ ಅದೇ ಹಕ್ಕಿಗಳನ್ನು ಗುರುತು ಹಾಕಿ ಕೊಟ್ಟರು. ಹಾಕಿದ್ದು, ಬಿಚ್ಚಿದ್ದು, ಮತ್ತೆ ಹಾಕಿದ್ದು. ಎರಡನೇ ತಿಂಗಳಿಗೆ ಎಳೆಗಳು ಸಿಕ್ಕಾಗುವುದು ನಿಂತಿತು. ಒಂದು ಸಂಜೆ ನಾನು ಹಾಕಿದ ತೋಳನ್ನು ಗೇಣಿನಲ್ಲಿ ಅಳೆದು, "ಮೂರು ವರ್ಷದ ಹುಡುಗಗ ಇನ್ನ ನಾಕ ಸಾಲು ಬೇಕು" ಎಂದರು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ನಂದು ಇತ್ತು."

"ಈಗ್ರಿ?"

"ಇಲ್ಲ. ಅಲ್ಲೇ ಕ್ವಾರ್ಟರ್ಸಿನ್ಯಾಗ ಹೋತು, ಜ್ವರಾ ಬಂದು. ನೀಲಿ ಎಳಿ ಮ್ಯಾಲ ಬಂತು ನೋಡು, ಕೆಳಗ ತಗೋ."

ಕೆಳಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನಾನು ನಾಲ್ಕೈದು ಟಾಕಿ ಹಿಡಿಯದೆ ಬಿಟ್ಟದ್ದನ್ನು ನೋಡಿ ಅವರು ಬೈಯಲಿಲ್ಲ. "ನಾನೂ ಒಂದ ಸಲ ಏಳು ಬಿಟ್ಟೇನಿ" ಎಂದರು. "ತೊಡಿ ಮ್ಯಾಲ ಮಲಗಿದ್ದ. ಹಿಂದಿನ ಎಳಿ ಮುಟಗ್ಯಾಗ ಹಿಡಕೊಂಡಿದ್ದ. ಬಿಡಿಸಿದ್ರ ಏಳತಾನಂತ ಹಂಗ ಮುಂದ ಹಾಕಿದೆ." ಅವರ ಸೂಜಿ ಒಂದು ಗಳಿಗೆಯೂ ನಿಲ್ಲಲಿಲ್ಲ. ನನ್ನ ತಪ್ಪಿಗೂ ಕ್ಷಮೆ ಸಿಕ್ಕಿತಲ್ಲ ಎಂಬ ಸಮಾಧಾನವೇ ಆಗ ದೊಡ್ಡದಾಗಿತ್ತು.

ಮನೆಗೆ ನಡೆದು ಬರುವಾಗ ತಿಳಿಯಿತು. ಅಜ್ಜಿಯ ಚೀಲದಲ್ಲಿ ಹೋದದ್ದು ಕ್ಲಾಸಿನ ಮಾದರಿ ಅಲ್ಲ, ಆ ಮಗುವಿನದು. ಅವ್ವನಿಗೆ ಹೇಳಿದೆ. ಅವಳು ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. "ಈಗ ಹೆಂಗ ಕೇಳೂದವಾ? ಕೇಳಿದ್ರ ಎಲ್ಲಾ ಹೊರಗ ಬರತೈತಿ. ನೀ ಅಲ್ಲೇ ಹೋಗಾಕಿ ಅದೀ, ಹೋದಮ್ಯಾಲ ಹೆಂಗರ ಮಾಡಿ ತಂದ ಕೊಡು" ಎಂದಳು. ತಂದುಕೊಡುತ್ತೇನೆ ಎಂದು ನಾನು ಆ ದಿನ ಮನಸ್ಸಿನಲ್ಲೇ ಆಣೆ ಮಾಡಿದೆ. ಅಕ್ಕೋರಿಗೆ ಹೇಳಲಿಲ್ಲ, ಅವರೂ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಬೈಲಹೊಂಗಲದಲ್ಲಿ ಅಜ್ಜಿ ಆ ಸ್ವೆಟರನ್ನು ತನ್ನ ಟ್ರಂಕಿನಲ್ಲಿ ಇಟ್ಟಿದ್ದಳು. ಬೀಗದ ಕೈ ಅವಳ ಸೊಂಟದಲ್ಲಿ. ವರ್ಷಗಳು ಕಳೆದವು. ನನಗೆ ಮಗ ಹುಟ್ಟಿದ. ಅವನಿಗೆ ಮೂರು ತುಂಬಿದ ಚಳಿಗಾಲಕ್ಕೆ ಅಜ್ಜಿ ಟ್ರಂಕು ತೆಗೆದು, "ಇದು ನಿಮ್ಮವ್ವನ ಕೈಲೆ ಹಾಕಿದ್ದು. ಇದರ ಗುಣಾನ ಅಕಿ ನಮ್ಮ ಮನಿಗೆ ಬಂದ್ಲು" ಎಂದು ಅವನಿಗೆ ತೊಡಿಸಿದಳು. ಇನ್ನು ತಡ ಮಾಡಿದರೆ ಹರಿದುಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ಬೆಳಗಾವಿಯಿಂದ ಉಣ್ಣೆ ತರಿಸಿದೆ. ಒಂದು ಒಗೆಯಲು ಹಾಕಿದರೆ ಇನ್ನೊಂದು ಇರಲಿ ಎಂದು ಎಲ್ಲರಿಗೂ ಹೇಳಿ, ಅದೇ ಚೌಕಳಿ ಹಾಳೆ ಮುಂದಿಟ್ಟುಕೊಂಡು ಒಂದು ತಿಂಗಳಲ್ಲಿ ಅಂಥದೇ ಹಾಕಿದೆ. ಅದೇ ಹಕ್ಕಿ, ಅದೇ ಅಳತೆ. ಹಿಂದೆ ಮೂರಕ್ಕೊಮ್ಮೆ ಹಿಡಿದು. ನನ್ನದನ್ನು ಮಗನಿಗೆ ತೊಡಿಸುವುದು, ಅಕ್ಕೋರದನ್ನು ಮಡಿಸಿ ಇಡುವುದು, ಊರಿಗೆ ಹೋದಾಗ ಕೊಡುವುದು ಎಂದು ನನ್ನ ಲೆಕ್ಕ. ಆದರೆ ಮಗನಿಗೆ ಅಂಗಿ ತೊಡಿಸುತ್ತಿದ್ದವಳು ಅಜ್ಜಿ. ನಾನು ಬೆಳಗ್ಗೆ ಅಡಿಗೆಮನೆಯಲ್ಲಿ.

ಸಂಕ್ರಾಂತಿ ಮುಗಿಸಿ ಹೊರಟೆವು. ಎರಡೂ ಒಗೆದು ಒಣಗಿದ್ದವು. ಅಜ್ಜಿ ದಿನಾ ತೊಡಿಸಿದ್ದು ಹೊಸದನ್ನೇ ಎಂದುಕೊಂಡು, ತೊಟ್ಟು ತೊಟ್ಟು ಮೈಮೇಲೆ ಜುಂಗು ಎದ್ದದ್ದು ನನ್ನದು, ನುಣ್ಣಗೆ ಉಳಿದದ್ದು ಅಕ್ಕೋರದು ಎಂದು ಗುರುತು ಹಿಡಿದೆ. ಜುಂಗಿನದನ್ನು ಮಗನಿಗೆ ತೊಡಿಸಿದೆ, ಬೆಳಗಿನ ಬಸ್ಸಿನಲ್ಲಿ ಚಳಿ. ನುಣ್ಣನೆಯದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದೆ, ಬೇವಿನೆಲೆಯನ್ನೂ ಇಟ್ಟೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟಿದಾಗ ಬಿಸಿಲೇರಿತ್ತು. ತವರಿಗೂ ಹೋಗದೆ ನೆಟ್ಟಗೆ ಅವರ ಮನೆಗೆ ಹೋದೆ.

"ನಿಮ್ಮದು ತಂದೇನ್ರಿ ಅಕ್ಕೋರ. ತಡಾ ಆತು" ಎಂದೆ.

ಅವರು ಗಂಟು ಬಿಚ್ಚಿದರು. ಸ್ವೆಟರನ್ನು ತೊಡೆಯ ಮೇಲೆ ಹರವಿದರು. ಮುಂಭಾಗ ನೋಡಲಿಲ್ಲ, ಒಳಗೆ ಕೈ ಹಾಕಿದರು. ಕೈ ಎಡ ತೋಳಿನ ಬುಡಕ್ಕೆ ಹೋಗಿ ನಿಂತಿತು. ಮತ್ತೊಮ್ಮೆ ಅದೇ ಜಾಗದಲ್ಲಿ ಹಿಂದೆ ಮುಂದೆ ಆಡಿತು.

"ಒಂದೂ ಬಿಟ್ಟಿಲ್ಲ" ಎಂದರು.

ಎಲ್ಲಿಯೂ ಹರಿದಿಲ್ಲ, ಎಳೆ ಕಿತ್ತಿಲ್ಲ ಎಂದು ಹೇಳುತ್ತಿದ್ದಾರೆ ಎಂದುಕೊಂಡೆ. ನನ್ನ ಎದೆ ಹಗುರಾಯಿತು. ಆಮೇಲೆ ಅವರು ಮಗನನ್ನು ನೋಡಿದರು. ಅವನು ಹೊಸಲಿನ ಮೇಲೆ ನಿಂತು ಬೆಲ್ಲ ಚೀಪುತ್ತಿದ್ದ. "ಬಾಪ್ಪಾ ಇಲ್ಲೆ" ಎಂದು ಕರೆದರು. ಹೋದ. ಅವನ ಸ್ವೆಟರಿನ ಅಂಚು ಎತ್ತಿ ಒಳಗೆ ಕೈ ಹಾಕಿದರು, ಎಡಗಡೆ, ಕಂಕುಳದ ತನಕ. ಅವನು ಕಚಗುಳಿಯಾಗಿ ನಕ್ಕ. ನನ್ನ ಕೆಲಸದ ಪರೀಕ್ಷೆ ನಡೆದಿದೆ ಎಂದು ನಾನು ಹಳೆಯ ಹುಡುಗಿಯ ಹಾಗೆ ಹೆದರಿ ನಿಂತೆ. ಕೈ ಬಹಳ ಹೊತ್ತು ಅಲ್ಲೇ ಇತ್ತು. ಮಗ ನಗುವುದನ್ನು ನಿಲ್ಲಿಸಿ ಅವರ ಮುಖ ನೋಡತೊಡಗಿದ.

"ಸೆಕಿ ಆಗೈತಿ, ಬಿಚ್ಚತೇನ್ರಿ" ಎಂದು ನಾನು ಮುಂದೆ ಬಂದೆ.

"ಬ್ಯಾಡ. ಹಾಕಿರಲಿ" ಎಂದು ಅವರು ಕೈ ಹೊರಗೆ ತೆಗೆದರು. "ಎತ್ತಿ ಇಡಬ್ಯಾಡ ಇದನ್ನ. ದಿನಾ ಹಾಕು. ಇವನ ಮ್ಯಾಲ ಹುಟ್ಟಿದ್ರ ಅದಕ್ಕೂ ಹಾಕು."

ಛಲೋ ಹಾಕಿದ್ದೀ ಎಂಬ ಒಂದು ಮಾತು ಬರುತ್ತದೆಂದು ಕಾದೆ, ಬರಲಿಲ್ಲ. ಚಹಾ ಮಾಡಿಕೊಟ್ಟರು. ಹೊರಟಾಗ ನನ್ನ ಬಳಿ ಒಂದು ತೃಪ್ತಿ ಇತ್ತು, ಆಣೆ ತೀರಿಸಿದ ತೃಪ್ತಿ. ಅದನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ. ಆಮೇಲೆ ಅವರನ್ನು ನೋಡಿದ್ದು ಎರಡೋ ಮೂರೋ ಸಲ, ಬಸ್‌ಸ್ಟ್ಯಾಂಡಿನಲ್ಲಿ, ಯಾರದೋ ಮದುವೆಯಲ್ಲಿ. ನೋಡಿದಾಗಲೆಲ್ಲ "ಹುಡುಗ ಹೆಂಗದಾನ?" ಎಂದು ಕೇಳುತ್ತಿದ್ದರು. ನನ್ನನ್ನು ಹೇಗಿದ್ದೀ ಎಂದು ಕೇಳಿದ ನೆನಪಿಲ್ಲ.

ಸಾವಿನ ಸುದ್ದಿ ಬಂದ ನಾಲ್ಕನೇ ದಿನಕ್ಕೆ ತಮ್ಮ ಮತ್ತೆ ಫೋನು ಮಾಡಿದ. ಗೌಂಡಿ ಬಂದಿದ್ದನಂತೆ. "ಮತ್ತ ಅಕ್ಕಾ, ಆ ಅಕ್ಕೋರ ತಂಗಿ ಮಗಳು ಒಂದ ಸಣ್ಣ ಸ್ವೆಟರ್ ತಂದ ಕೊಟ್ಟ ಹೋಗ್ಯಾಳ. ಅವರ ಟ್ರಂಕಿನ್ಯಾಗ ಇತ್ತಂತ. ಚೀಟಿ ಹಚ್ಯಾರ, ಅದ್ರಾಗ ನಿನ್ನ ಹೆಸರೈತಿ."

"ಏನಂತ ಬರದಾರ?"

"ಹಾಕಿದಾಕಿ ಅಂತ ಬರದು, ಮುಂದ ನಿನ್ನ ಹೆಸರು. ನೀಲಿ ಮಸೀಲೆ."

ಚೀಟಿ ತಪ್ಪು ಬರೆಯುವ ಹೆಂಗಸಲ್ಲ ಅವರು. ಫೋನು ಹಿಡಿದೇ ಎದ್ದು ಹೋಗಿ, ಅದನ್ನು ಪಕ್ಕಕ್ಕಿಟ್ಟು, ನನ್ನ ಟ್ರಂಕು ತೆಗೆದೆ. ನನ್ನದು ಎಂದು ನಾನು ತಿಳಿದಿದ್ದು, ಇಬ್ಬರು ಮಕ್ಕಳು ತೊಟ್ಟು ತೆಳುವಾದದ್ದು, ತಳದಲ್ಲಿ ಇತ್ತು. ಬೈಲಹೊಂಗಲದ ಅಜ್ಜಿ ದಿನಾ ಬೆಳಗ್ಗೆ ಟ್ರಂಕಿನಿಂದ ತೆಗೆದು ತೊಡಿಸುತ್ತಿದ್ದದ್ದು ಯಾವುದನ್ನು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನನ್ನು ಆ ಮನೆಗೆ ತಂದ ಗುಣದ ಸ್ವೆಟರ್ ಇರುವಾಗ ಅವಳು ಹೊಸದನ್ನು ಯಾಕೆ ತೊಡಿಸುತ್ತಾಳೆ? ಒಳಗು ಹೊರಗು ಮಾಡದೆ, ಅವರ ಹಾಗೆ, ಒಳಗೆ ಕೈ ಹಾಕಿದೆ. ಮೂರಕ್ಕೊಮ್ಮೆ, ಮೂರಕ್ಕೊಮ್ಮೆ, ಎದೆ ದಾಟಿ ಎಡ ತೋಳಿನ ಬುಡದ ತನಕ ಎಲ್ಲ ಹಿಡಿದಿತ್ತು. ಅಲ್ಲಿ ಒಂದು ಎಳೆ ಸಡಿಲವಾಗಿ ಇಳಿಬಿದ್ದಿತ್ತು. ನನ್ನ ಬೆರಳು ಅದರಲ್ಲಿ ಸಿಕ್ಕಿತು.

ಇನ್ನೊಂದು ಕೈಯಿಂದ ಮುಂಭಾಗದ ಟಾಕಿ ಎಣಿಸಿದೆ. ಏಳು. ಮತ್ತೊಮ್ಮೆ ಎಣಿಸಿದೆ. ಫೋನಿನಲ್ಲಿ ತಮ್ಮ, "ಅಕ್ಕಾ, ಕೇಳಸ್ತೈತೇನ? ಇದನ್ನ ಕಳಸೂದೋ, ಇಡೂದೋ?" ಎನ್ನುತ್ತಿದ್ದ. ಉತ್ತರ ಕೊಡಬೇಕಿತ್ತು. ಒಲೆಯ ಮೇಲೆ ಹಾಲು ಇತ್ತು, ಅದನ್ನೂ ನೋಡಬೇಕಿತ್ತು. ಬೆರಳು ಆ ಎಳೆಯಲ್ಲೇ ಇತ್ತು. ನಾನು ಬಿಡಿಸಿಕೊಳ್ಳಲಿಲ್ಲ.